ಸ್ಪಷ್ಟನೆ: ಆಫ್ರಿಕನ್ ಸಿಕ್ಲಿಡ್‌ಗೆ ದುಬಾರಿ ಮರಳೇ ಬೇಕೆಂದಿಲ್ಲ

ಆಫ್ರಿಕನ್ ಸಿಕ್ಲಿಡ್ ಎಂದರೆ ಅಕ್ವೇರಿಯಂನಲ್ಲಿ ಸಾಕುವ, ಆಫ್ರಿಕದ ಸರೋವರಗಳ ಮೀನು. 'ತೊಟ್ಟಿಯ ತಳಕ್ಕೆ ಅರಗೊನೈಟ್ ಮರಳು ಹಾಕದಿದ್ದರೆ ಆಫ್ರಿಕನ್ ಸಿಕ್ಲಿಡ್ ಬದುಕುವುದಿಲ್ಲ' ಎಂದು ಹಿಂದೆ ನಾನೇ ಬರೆದ ಸಂದೇಶ ಇನ್ನೂ ಗುಂಪುಗಳಲ್ಲಿ ಓಡಾಡುತ್ತಿದೆ. ಆ ಮಾತು ತಪ್ಪು. ಕ್ಷಮಿಸಿ.

ಈ ಮೀನುಗಳಿಗೆ ಬೇಕಿರುವುದು ಸರಿಯಾದ ನೀರು. ಇವುಗಳ ತವರಾದ ಮಲಾವಿ ಸರೋವರದ ಪಿಎಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ) ಸುಮಾರು 8, ಟಾಂಗನೀಕ ಸರೋವರದ್ದು 9ರ ಹತ್ತಿರ. ಅರಗೊನೈಟ್ ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಮೆದು ನೀರಿನಲ್ಲಿ, ಅಂದರೆ ಕ್ಯಾಲ್ಸಿಯಂನಂಥ ಖನಿಜ ಕಡಿಮೆ ಇರುವ ನೀರಿನಲ್ಲಿ, ಅದು ನಿಧಾನವಾಗಿ ಕರಗಿ ಪಿಎಚ್ ಏರಿಸುತ್ತದೆ, ನಿಜ. ಆದರೆ ನೀರು ಮೊದಲೇ ಗಡಸಾಗಿದ್ದು ಪಿಎಚ್ 8 ದಾಟಿದ್ದರೆ ಅದು ಕರಗುವುದೇ ತೀರಾ ಕಡಿಮೆ. ನಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರು ಗಡಸು. ಬಕೆಟ್ ಮೇಲೆ ಬಿಳಿ ಕಲೆ ಕೂರುತ್ತದಲ್ವಾ, ಅದೇ ಗುರುತು. ಹಾಗಾಗಿ ಮರಳು ಕೊಳ್ಳುವ ಮೊದಲು ಟೆಸ್ಟ್ ಕಿಟ್‌ನಲ್ಲಿ ನೀರು ನೋಡಿ.

ನೀರು ಸರಿಯಿದ್ದರೆ ಈಜುಕೊಳದ ಫಿಲ್ಟರ್‌ಗೆ ಹಾಕುವ ಸಿಲಿಕಾ ಮರಳು ಸಾಕು. ಬೆಲೆಯೂ ಕಡಿಮೆ. ನೀರು ತಿಳಿಯಾಗುವವರೆಗೆ ತೊಳೆದು ಹಾಕಿ. ನೀರು ಮೆದುವಾಗಿದ್ದರೆ ಒಂದಿಷ್ಟು ಹವಳದ ಚೂರನ್ನು ಜಾಲರಿ ಚೀಲದಲ್ಲಿ ಕಟ್ಟಿ ಫಿಲ್ಟರ್‌ನೊಳಗೆ ಇಡಿ. ಅದಕ್ಕಾಗಿ ತಳ ಪೂರ್ತಿ ಅರಗೊನೈಟ್ ಹಾಸಬೇಕಿಲ್ಲ.

ಕಡಿಮೆ ಬೆಲೆಗೆ ಸಿಗುತ್ತದೆಂದು ಎಂ-ಸ್ಯಾಂಡ್ ಮಾತ್ರ ಬೇಡ. ಅದು ಕಲ್ಲು ಪುಡಿ ಮಾಡಿದ್ದು, ಅಂಚು ಚೂಪು. ಎಷ್ಟೋ ಸಿಕ್ಲಿಡ್‌ಗಳು ಮರಳನ್ನು ಬಾಯಿಗೆ ತುಂಬಿಕೊಂಡು ಕಿವಿರಿನಿಂದ ಹೊರಬಿಡುತ್ತವೆ. ಪಾಪ, ಗಾಯವಾಗಬಹುದು.

ಹಳೆಯ ಸಂದೇಶ ನಿಮ್ಮಲ್ಲಿದ್ದರೆ ದಯವಿಟ್ಟು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.