ಅಡುಗೆ ಅಕ್ಕಾರನ್ನೂ ಕರೀರಿ

‘ಶಾಲೆಗೆ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟರೆ ಮಕ್ಕಳ ಆರೋಗ್ಯದ ಹೊಣೆ ಶಾಲೆಯೇ ಹೊರಬಹುದು’ ಅನ್ನೋ ನಿಮ್ಮ ಮಾತು ಪೂರ್ತಿ ಒಪ್ಪಲಾರೆ. 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದ ಲೆಕ್ಕವೂ ಇದೇ: ‘ಆರೋಗ್ಯ ರಾಯಭಾರಿ’ ಅಂತ ಇಬ್ಬರು ಶಿಕ್ಷಕರು, ವಾರಕ್ಕೊಂದು ತಾಸು ಆರೋಗ್ಯದ ಪಾಠ. ಆ ಇಬ್ಬರಲ್ಲಿ ಒಬ್ಬರಿಗೆ ವರ್ಗ ಆದರೆ? ಮುಂಡರಗಿ ಕಡೆ ನಾನಿದ್ದ ಶಾಲೆಯಲ್ಲಿ ಹಂಗೇ ಆತು, ಕೈಪಿಡಿ ಕಪಾಟಿನಲ್ಲೇ ಉಳೀತು.

ಅಲ್ಲೇ ಒಂದಿನ ಏಳನೇತ್ತಾ ಹುಡುಗಿ ಪ್ರಾರ್ಥನೆಗೆ ನಿಂತವಳು ನಿಂತಲ್ಲೇ ಬಿದ್ದಳು. ನಾವು ಮಾಸ್ತರೆಲ್ಲ ನೀರು ಚಿಮುಕಿಸಿ ‘ಬಿಸಿಲು’ ಅಂದ್ವಿ. ಬಿಸಿಯೂಟದ ಅಕ್ಕಾರು ಒಲಿ ಬಿಟ್ಟು ಬಂದು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ‘ಮುಂಜಾನೆ ಬರೇ ಚಾ ಕುಡದು ಬಂದಿ, ಹೌದಿಲ್ಲೋ ಯವ್ವಾ?’ ಅಂದರು. ವಾರಕ್ಕೊಮ್ಮೆ ಕೊಡೋ ಕಬ್ಬಿಣಾಂಶದ ನೀಲಿ ಗುಳಿಗೆಯನ್ನ ಆಕಿ ಕಿಟಕಿಯಾಚೆ ಒಗೀತಿದ್ದದ್ದೂ ಅವರಿಗೆ ಗೊತ್ತಿತ್ತು. ಊಟ ಆದ ಮೇಲೆ ನುಂಗಿಸಬೇಕಾದ್ದನ್ನ ನಾವು ಮೊದಲನೇ ಪಿರಿಯಡ್ಡಿಗೇ ಕೊಟ್ಟು ಮುಗಿಸ್ತಿದ್ವಿ. ಖಾಲಿ ಹೊಟ್ಟಿ ತೊಳಸದೇ ಇರತೈತೇನು? (ತಪ್ಪು ನಮ್ಮದೇ, ಬಿಡ್ರಿ.)

ಮುಂದಿನ ತರಬೇತಿಗೆ ಈ ಅಕ್ಕಾರನ್ನೂ ಕರೀರಿ, ಆ ದಿನದ ಪಗಾರ ಕೊಟ್ಟು.