ಕಂಬ, ಟಿಸಿ (ಟ್ರಾನ್ಸ್‌ಫಾರ್ಮರ್), ಲೈನ್ ಎಲ್ಲವೂ ಡಿಜಿಟಲ್ ನಕ್ಷೆಗೆ ಬರಬೇಕೇ?

ಪರ

ಜುಲೈ ತಿಂಗಳ ರಾತ್ರಿ, ಮಲೆನಾಡಿನ ಮಳೆ. ಅಡಿಕೆ ಸೋಗೆ ಲೈನ್ ಮೇಲೆ ಬಿದ್ದು ಊರೆಲ್ಲ ಕತ್ತಲು. ಎಲ್ಲಿ ಬಿದ್ದಿದೆ ಅಂತ ಹುಡುಕಲು ಪವರ್‌ಮ್ಯಾನ್ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಕೊಡೆ ಹಿಡಿದು ತೋಟದೊಳಗೆ ಕಂಬದಿಂದ ಕಂಬಕ್ಕೆ ನಡೆಯುತ್ತಾನೆ. ಜಿಗಣೆ ಬೇರೆ.

ವಿದ್ಯುತ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟವರ ಆರ್‌.ಆರ್‌. ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ಸಂಖ್ಯೆ) ಯಾವ ಟಿಸಿಗೆ ಸೇರಿದ್ದು, ಆ ಟಿಸಿ ಯಾವ ಫೀಡರ್‌ನದು (ಸಬ್‌ಸ್ಟೇಷನ್‌ನಿಂದ ಬರುವ ಯಾವ ಲೈನಿನದು) ಅಂತ ನಕ್ಷೆಯಲ್ಲಿ ಕೂಡಿಸಿಟ್ಟಿದ್ದರೆ? ಹತ್ತು ಮನೆಯ ದೂರು ಸೇರಿ ಒಂದೇ ಟಿಸಿಯನ್ನು ತೋರಿಸುತ್ತದೆ. ಆತ ನೇರ ಅಲ್ಲಿಗೇ ಹೋಗಬಹುದು. ಇವತ್ತು ಎಷ್ಟೋ ಊರಲ್ಲಿ ಈ ನಕ್ಷೆ ಇರುವುದು ಹಳೇ ಪವರ್‌ಮ್ಯಾನ್ ತಲೆಯಲ್ಲಿ. ಅವರು ನಿವೃತ್ತಿಯಾದ ದಿನ ಅದೂ ಅವರ ಜೊತೆ ಮನೆಗೆ ಹೋಗುತ್ತದೆ.

ಬಯಲುಸೀಮೆಯಲ್ಲಿ ಕಷ್ಟ ಬೇರೆ. 5 ಎಚ್‌ಪಿ ಪಂಪು ಸುಮಾರು 5 ಕೆವಿಎ (ವಿದ್ಯುತ್ ಹೊರೆಯ ಅಳತೆ) ಎಳೆಯುತ್ತದೆ ಅಂತಿಟ್ಟುಕೊಳ್ಳಿ. 63 ಕೆವಿಎ ಟಿಸಿ ಒಟ್ಟಿಗೆ ಹನ್ನೆರಡು ಪಂಪು ತಡೆದುಕೊಳ್ಳುತ್ತದೆ. ಅದಕ್ಕೆ ಇಪ್ಪತ್ತು ಕಟ್ಟಿದರೆ ಸುಡದೆ ಇನ್ನೇನು? ಪೈರು ಒಣಗುವ ಹೊತ್ತಲ್ಲಿ ರೈತ ಬದಲಿ ಟಿಸಿಗೆ ಕಾಯುತ್ತಾ ಕೂರಬೇಕು. ಯಾವ ಟಿಸಿ ಮೇಲೆ ಎಷ್ಟು ಹೊರೆ ಇದೆ ಅಂತ ನಕ್ಷೆಯಲ್ಲಿ ಕಂಡರೆ, ಬೇಸಿಗೆಗೆ ಮುಂಚೆಯೇ ಪಕ್ಕದಲ್ಲಿ ಇನ್ನೊಂದು ಹಾಕಬಹುದು.

2008ರಲ್ಲಿ ವಿದ್ಯುತ್ ವಿತರಣೆ ಸುಧಾರಿಸುವ ಕೇಂದ್ರದ ಆರ್‌-ಎಪಿಡಿಆರ್‌ಪಿ ಯೋಜನೆ 30,000ಕ್ಕಿಂತ ಜಾಸ್ತಿ ಜನರಿರುವ ಪಟ್ಟಣಗಳಲ್ಲಿ ಈ ಕೆಲಸಕ್ಕೆ ಹಣ ಕೊಟ್ಟಿತು. ತೋಟದ ಲೈನಿಗೂ, ಹೊಲದ ಟಿಸಿಗೂ ಅದೇ ಗೌರವ ಸಿಗಬೇಕು.

ವಿರೋಧ

ಹಳೇದಾದ ನಕ್ಷೆ ಜೀವ ತೆಗೆಯುತ್ತದೆ. ನನ್ನ ಭಯ ಇದೊಂದೇ.

ನಕ್ಷೆ ಇಲ್ಲದ ಪವರ್‌ಮ್ಯಾನ್ ಪ್ರತಿ ತಂತಿಯನ್ನೂ ಅನುಮಾನದಿಂದ ನೋಡುತ್ತಾನೆ. ಎಲ್‌ಸಿ (ಲೈನ್ ಆಫ್ ಮಾಡಿದ್ದೇವೆ ಅನ್ನುವ ಅನುಮತಿ) ತಗೊಂಡ ಮೇಲೂ, ತಂತಿಯಲ್ಲಿ ಉಳಿದ ಕರೆಂಟನ್ನು ನೆಲಕ್ಕಿಳಿಸುವ ಡಿಸ್ಚಾರ್ಜ್ ರಾಡ್ ತಾಗಿಸಿಯೇ ಕಂಬ ಹತ್ತುತ್ತಾನೆ. ಮೊಬೈಲ್‌ನಲ್ಲಿ ‘ಈ ಲೈನ್ ಆಫ್’ ಅಂತ ಕಂಡರೆ, ಮಳೆಯಲ್ಲಿ ನೆನೆದು ಸುಸ್ತಾದವನಿಗೆ ಆ ಅನುಮಾನ ಸಡಿಲವಾಗುತ್ತದೆ. ಅವನನ್ನು ತಪ್ಪು ಅನ್ನಲಾಗುತ್ತದಾ?

ಸರ್ವೆ ಮಾಡುವವರು ಒಂದು ಸಲ ಬಂದು ಹೋಗುತ್ತಾರೆ. ಲೈನ್ ಮಾತ್ರ ದಿನಾ ಬದಲಾಗುತ್ತಿರುತ್ತದೆ. ಒಂದು ಟಿಸಿ ಸುಟ್ಟರೆ ಆ ರಾತ್ರಿಯೇ ಜಂಪ್ (ಲೈನ್ ಕೂಡಿಸುವ ತುಂಡು ತಂತಿ) ಬದಲಿಸಿ ಪಕ್ಕದ ಟಿಸಿಗೆ ನಾಲ್ಕು ಮನೆ ಕೊಡುತ್ತಾರೆ. ಅದನ್ನು ನಕ್ಷೆಯಲ್ಲಿ ತಿದ್ದುವವರು ಯಾರು? ಹಗಲಿಡೀ ಕಂಬ ಹತ್ತಿದವನೇ ರಾತ್ರಿ ಕೂತು ಮೊಬೈಲ್ ಒತ್ತಬೇಕು. ಇನ್ನು ಜಿಪಿಎಸ್. ಬಯಲಲ್ಲೇ ಮೊಬೈಲ್ ಜಾಗ ತೋರಿಸುವುದು ನಾಲ್ಕೈದು ಮೀಟರ್ ಆಚೀಚೆ. ಅಡಿಕೆ ಮರದ ಕೆಳಗೆ ಇನ್ನೂ ಜಾಸ್ತಿ. ಎರಡು ಲೈನ್ ಹತ್ತಡಿ ಅಂತರದಲ್ಲಿ ಹೋಗುವ ಕಡೆ ಅದನ್ನು ನೆಚ್ಚಿಕೊಳ್ಳಲಾಗದು.

ನಮ್ಮ ಹಳ್ಳಿಗಳಲ್ಲಿ ಟಿಸಿ ಕೆಳಗಿನ ಫ್ಯೂಸ್ ಪೆಟ್ಟಿಗೆ ನೋಡಿದ್ದೀರಲ್ವಾ? ಬಾಗಿಲು ಕಿತ್ತುಹೋಗಿ, ಫ್ಯೂಸ್ ಜಾಗದಲ್ಲಿ ಯಾವುದೋ ದಪ್ಪ ತಂತಿ ಸುತ್ತಿರುತ್ತದೆ. ಮಕ್ಕಳ ಕೈಗೆ ಎಟುಕುವ ಎತ್ತರ. ಹಣ ಇದ್ದರೆ ಮೊದಲು ಆ ಬಾಗಿಲು ಹಾಕಿಸಿ. ಓರೆಯಾದ ಕಂಬ ನೆಟ್ಟಗೆ ಮಾಡಿಸಿ, ಅದರ ಮೇಲೆ ಮಳೆಗೆ ಅಳಿಯದ ಬಣ್ಣದಲ್ಲಿ ನಂಬರ್ ಬರೆಸಿ. ಸರ್ವೆ ಆಮೇಲೆ ಆಗಲಿ, ಆಗ ಜೊತೆಯಲ್ಲಿ ಆ ಸೆಕ್ಷನ್‌ನ ಪವರ್‌ಮ್ಯಾನ್ ಇರಲಿ.