ಟವೆಲ್ ಹಾಕಿದ ಸೀಟು

ವಯನಾಡಿನ ಮತದಾರರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಲೋಕಸಭೆ ಅಂತ ನಮ್ಮ ಬೆರಳಿಗೆ ಶಾಯಿ ಬೀಳುವುದು ಐದು ವರ್ಷಕ್ಕೊಮ್ಮೆ. ಅವರಿಗೆ 2024ರಲ್ಲಿ ಏಪ್ರಿಲ್ 26ಕ್ಕೆ ಒಂದು ಸಲ, ನವೆಂಬರ್ 13ಕ್ಕೆ ಇನ್ನೊಂದು ಸಲ. ಎರಡು ಕಡೆ ಗೆದ್ದ ಅಣ್ಣ ರಾಹುಲ್ ಗಾಂಧಿ ರಾಯ್‌ಬರೇಲಿ ಇಟ್ಟುಕೊಂಡರು, ವಯನಾಡಿಗೆ ತಂಗಿ ಪ್ರಿಯಾಂಕಾ ಬಂದರು. ಮನೆ ಗಂಟು ಮನೆಯಲ್ಲೇ ಉಳಿಯಿತು.

ಕಾಂಗ್ರೆಸ್ಸಿನವರನ್ನು ಮಾತ್ರ ಆಡಿಕೊಂಡರೆ ಅರ್ಧ ಓದುಗರು ಚಪ್ಪಾಳೆ ತಟ್ಟುತ್ತಾರೆ, ಇನ್ನರ್ಧ ಓದುಗರು ನನ್ನ ಜನ್ಮ ಜಾಲಾಡುತ್ತಾರೆ. ಅದಕ್ಕೇ ಈಗಲೇ ಹೇಳಿಬಿಡುತ್ತೇನೆ. 2014ರಲ್ಲಿ ಮೋದಿಯವರು ವಾರಾಣಸಿ, ವಡೋದರಾ ಎರಡೂ ಕಡೆ ಗೆದ್ದರು. ವಾರಾಣಸಿಯವರು ಕೊಟ್ಟ ಅಂತರ 3 ಲಕ್ಷ 71 ಸಾವಿರ. ವಡೋದರಾದವರು ಕೊಟ್ಟದ್ದು 5 ಲಕ್ಷ 70 ಸಾವಿರ. ಬಿಟ್ಟದ್ದು ಯಾವುದನ್ನು? ವಡೋದರಾವನ್ನು. ಸ್ವಲ್ಪ ಕಮ್ಮಿ ಪ್ರೀತಿ ತೋರಿಸಿದ್ದರೆ ಉಳಿಸಿಕೊಳ್ಳುತ್ತಿದ್ದರೋ ಏನೋ.

ಇದು ತಪ್ಪು ಅಂತ ನಾನು ಹೇಗೆ ಹೇಳಲಿ? ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ಜನ ನಾವು. ಆದರೂ ಬಸ್ಸಿನಲ್ಲಿ ಎರಡು ಕಡೆ ಟವೆಲ್ ಹಾಕಿದರೆ ಯಾರಾದರೂ ಬಂದು "ಎಷ್ಟು ಜನ ಇದೀರ್ರೀ?" ಅಂತ ಕೇಳುತ್ತಾರೆ. ಇಲ್ಲಿ ಕಾನೂನೇ ಹೇಳುತ್ತದೆ, ಒಬ್ಬರಿಗೆ ಎರಡು ಟವೆಲ್. 1996ಕ್ಕೆ ಮುಂಚೆ ಆ ಮಿತಿಯೂ ಇರಲಿಲ್ಲ. 1957ರಲ್ಲಿ ವಾಜಪೇಯಿಯವರು ಮೂರು ಕಡೆ ನಿಂತು ಬಲರಾಂಪುರದಲ್ಲಿ ಮಾತ್ರ ಗೆದ್ದರು. ಯಾವುದನ್ನು ಬಿಡಬೇಕು ಅನ್ನೋ ತಲೆನೋವನ್ನು ಮತದಾರರೇ ತಪ್ಪಿಸಿದರು.

2004ರಲ್ಲಿ ಚುನಾವಣಾ ಆಯೋಗ ಒಂದು ಸಲಹೆ ಕೊಟ್ಟಿತ್ತು. ಒಬ್ಬರಿಗೆ ಒಂದೇ ಕ್ಷೇತ್ರ ಮಾಡಿ. ಆಗಲ್ಲ ಅಂದರೆ, ಲೋಕಸಭೆ ಸೀಟು ಬಿಟ್ಟುಹೋಗುವವರಿಂದ 10 ಲಕ್ಷ ರೂಪಾಯಿ ಇಡಿಸಿಕೊಳ್ಳಿ. ಒಳ್ಳೆಯ ಸಲಹೆ. ಒಪ್ಪಬೇಕಾದವರು ಯಾರು ಅಂದರೆ, ಟವೆಲ್ ಹಾಕುವವರು. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದು ಸಂಸತ್ತು ನೋಡಿಕೊಳ್ಳಬೇಕಾದ ವಿಷಯ ಅಂತ ಅರ್ಜಿ ವಾಪಸ್ ಕಳಿಸಿತು. ಸಂಸತ್ತು ನೋಡಿಕೊಳ್ಳುತ್ತಿದೆ. ಸುಮ್ನೆ ನೋಡುತ್ತಿದೆ.

ಈ ವಿಷಯದಲ್ಲಿ ನಮ್ಮ ಬಳ್ಳಾರಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1999ರ ಆ ಜಾತ್ರೆ ನೆನಪಿದೆಯಲ್ವಾ? ಒಂದು ಕಡೆ ಸೋನಿಯಾ ಗಾಂಧಿ, ಇನ್ನೊಂದು ಕಡೆ ಸುಷ್ಮಾ ಸ್ವರಾಜ್. ಸುಷ್ಮಾ ಅವರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿದರು. ಸೋತರು. ಸೋತ ಮೇಲೂ ವರಮಹಾಲಕ್ಷ್ಮಿ ಹಬ್ಬಕ್ಕೆ ವರ್ಷಾವರ್ಷ ಬಳ್ಳಾರಿಗೆ ಬರುತ್ತಿದ್ದರು. ಸೋನಿಯಾ ಗೆದ್ದರು, ಅಮೇಠಿ ಇಟ್ಟುಕೊಂಡರು, ಬಳ್ಳಾರಿ ಬಿಟ್ಟರು. ಸೋತವರು ಹಬ್ಬಕ್ಕೆ ಬಂದರು, ಗೆದ್ದವರು ರಾಜೀನಾಮೆ ಕೊಟ್ಟರು. (ಆ ಹಬ್ಬದ ಹಿಂದೆ ಯಾವ ಯಾವ ಧಣಿಗಳಿದ್ದರು ಅನ್ನೋದು ಬೇರೆ ಕಥೆ, ಇವತ್ತು ಬೇಡ.)

ಅದೇ ಬಳ್ಳಾರಿ 2018ರಲ್ಲಿ ಮತ್ತೆ ಖಾಲಿಯಾಯಿತು. ಜೊತೆಗೆ ಶಿವಮೊಗ್ಗ, ಮಂಡ್ಯ. ಮೂವರು ಸಂಸದರಿಗೂ ದಿಲ್ಲಿಗಿಂತ ವಿಧಾನಸೌಧವೇ ಚೆಂದ ಕಂಡಿತು. ಇಲ್ಲಿಂದ ಲೆಕ್ಕ ಶುರು, ಪೆನ್ನು ಹಿಡಿದುಕೊಳ್ಳಿ. ಸದನದ ಅವಧಿ ಒಂದು ವರ್ಷಕ್ಕಿಂತ ಕಮ್ಮಿ ಉಳಿದಿದ್ದರೆ ಉಪಚುನಾವಣೆ ಬೇಕಿಲ್ಲ. ಆ ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ ಇತ್ತು. ನಮ್ಮ ಸೀಟುಗಳು ಖಾಲಿಯಾದದ್ದು 2018ರ ಮೇ 18 ಮತ್ತು 21ರಂದು. ಎರಡು ವಾರ ಜಾಸ್ತಿ ಉಳಿದಿತ್ತು. ಹಾಗಾಗಿ ನವೆಂಬರ್ 3ಕ್ಕೆ ಮತಗಟ್ಟೆ, ಪೊಲೀಸು, ಶಾಯಿ, ಮೈಕು, ಎಲ್ಲವೂ ಆಯಿತು. ಗೆದ್ದವರು ಒಂದು ಚಳಿಗಾಲದ ಅಧಿವೇಶನ, ಒಂದು ಬಜೆಟ್ ಅಧಿವೇಶನ ಮುಗಿಸಿ ಮತ್ತೆ ಎಲೆಕ್ಷನ್ನಿಗೆ ಬಂದರು. ಪಕ್ಕದ ಆಂಧ್ರದಲ್ಲಿ ಐದು ಸಂಸದರ ರಾಜೀನಾಮೆ ಅಂಗೀಕಾರವಾದದ್ದು ಜೂನ್ 20ಕ್ಕೆ. ಹದಿನೇಳು ದಿನ ಲೇಟು. ಆ ಐದು ಕ್ಷೇತ್ರದವರಿಗೆ ಸಂಸದರೇ ಇಲ್ಲ.

ಇನ್ನು ಲಕ್ಷದ್ವೀಪ. ಅಲ್ಲಿನ ಸಂಸದ ಮೊಹಮ್ಮದ್ ಫೈಜಲ್ ಅವರಿಗೆ 2023ರ ಜನವರಿ 11ಕ್ಕೆ ಶಿಕ್ಷೆ ಆಯಿತು. ಎರಡೇ ದಿನದಲ್ಲಿ ಸೀಟು ಹೋಯಿತು. ಒಂದು ವಾರದೊಳಗೆ ಉಪಚುನಾವಣೆ ದಿನಾಂಕವೂ ಬಂತು. ಸರ್ಕಾರಿ ಯಂತ್ರ ಇಷ್ಟು ಚುರುಕಾಗಿ ಓಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಜನವರಿ 25ಕ್ಕೆ ಹೈಕೋರ್ಟ್ ಶಿಕ್ಷೆ ತಡೆಹಿಡಿಯಿತು. ಈಗ ಸೀಟು ವಾಪಸ್ ಕೊಡಬೇಕಲ್ಲ, ಯಂತ್ರಕ್ಕೆ ತೂಕಡಿಕೆ ಬಂತು. ಎದ್ದದ್ದು ಮಾರ್ಚ್ 29ಕ್ಕೆ. ಅಕ್ಟೋಬರಿನಲ್ಲಿ ಸೀಟು ಮತ್ತೆ ಹೋಯಿತು, ನವೆಂಬರಿನಲ್ಲಿ ಮತ್ತೆ ಬಂತು. ಅಲ್ಲಿನ ಜನ ಬೆಳಿಗ್ಗೆ ಎದ್ದು ಹವಾಮಾನದ ಜೊತೆ ಸಂಸದರು ಇದ್ದಾರೋ ಇಲ್ಲವೋ ಅಂತಲೂ ನೋಡಿಕೊಳ್ಳುತ್ತಿದ್ದರೇನೋ.

ಅದೇ ಮಾರ್ಚ್ 29ಕ್ಕೆ ಪುಣೆಯ ಸಂಸದ ಗಿರೀಶ್ ಬಾಪಟ್ ತೀರಿಕೊಂಡರು. ಸಾವಿಗೆ ಯಾರೂ ಹೊಣೆಯಲ್ಲ. ಅವಧಿ ಒಂದು ವರ್ಷಕ್ಕಿಂತ ಜಾಸ್ತಿ ಉಳಿದಿತ್ತು. ಆರು ತಿಂಗಳೊಳಗೆ ಚುನಾವಣೆ ಆಗಬೇಕು ಅಂತ ಕಾನೂನಿನಲ್ಲಿ ಬರೆದಿದೆ. ಆಗಲಿಲ್ಲ. ಯಾಕೆ ಅಂದರೆ, ಆಯೋಗಕ್ಕೆ ಬೇರೆ ಚುನಾವಣೆಗಳಿವೆ, 2024ರ ತಯಾರಿ ಇದೆ. ಅಂದರೆ ಚುನಾವಣೆ ಇರೋದರಿಂದ ಚುನಾವಣೆ ಮಾಡಲು ಪುರುಸೊತ್ತಿಲ್ಲ. ಇದಕ್ಕೆ ಏನಾದರೂ ತಮಾಷೆ ಬರೆಯೋಣ ಅಂತ ಕೂತೆ. ಬರಲಿಲ್ಲ. ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ತಕ್ಷಣ ಚುನಾವಣೆ ನಡೆಸಿ ಅಂತ ಹೇಳಿತು. ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಷ್ಟು ದೊಡ್ಡ ಊರು 14 ತಿಂಗಳು ಲೋಕಸಭೆಯಲ್ಲಿ ಬಾಯಿಲ್ಲದೆ ಕೂತಿತ್ತು. ತೆರಿಗೆಗೆ ಯಾವ ತಿಂಗಳೂ ರಜೆ ಕೊಡಲಿಲ್ಲ. ಬಳ್ಳಾರಿಗೆ ಎರಡು ವಾರದ ಲೆಕ್ಕ ಹಿಡಿದು ಚುನಾವಣೆ ಮಾಡಿದ ದೇಶ ಇದೇ ತಾನೇ? ಸಾಕಾಗಿ ಹೋಗಿದೆ ನನಗೆ.

ಹಾಂ, ಖಾಲಿಯಾಗಲು ಇನ್ನೊಂದು ದಾರಿ ಇದೆ. ಅನುಮತಿ ಇಲ್ಲದೆ 60 ದಿನ ಸದನಕ್ಕೆ ಬರದಿದ್ದರೆ ಸೀಟು ಖಾಲಿ ಅಂತ ಸದನ ಘೋಷಿಸಬಹುದು. ಹೆದರಬೇಡಿ. ಅಧಿವೇಶನ ಮುಗಿದ ದಿನಗಳು ಲೆಕ್ಕಕ್ಕಿಲ್ಲ, ಸತತ ನಾಲ್ಕು ದಿನಕ್ಕಿಂತ ಜಾಸ್ತಿ ಮುಂದೂಡಿದರೆ ಅದೂ ಲೆಕ್ಕಕ್ಕಿಲ್ಲ. 17ನೇ ಲೋಕಸಭೆ ಐದು ವರ್ಷದಲ್ಲಿ ಕೂತದ್ದೇ 274 ದಿನ. ನಡುವೆ ಒಂದು ದಿನ ಬಂದು ಹಾಜರಿ ಹಾಕಿದರೆ ಮತ್ತೆ ಸೊನ್ನೆಯಿಂದ ಎಣಿಕೆ. ಹೀಗೆ ಸೀಟು ಕಳೆದುಕೊಳ್ಳಬೇಕಾದರೆ ನಿಜಕ್ಕೂ ಶ್ರಮಪಡಬೇಕು.

ಹೊಸ ಸಂಸತ್ ಭವನದ ಲೋಕಸಭೆಯಲ್ಲಿ 888 ಕುರ್ಚಿ ಹಾಕಿದ್ದಾರೆ. ಸದಸ್ಯರು 543. ಎಲ್ಲರೂ ಒಟ್ಟಿಗೆ ಬಂದು ಕೂತರೂ 345 ಖಾಲಿ. ಕ್ಷೇತ್ರಗಳು ಮುಂದೆ ಜಾಸ್ತಿಯಾಗುತ್ತವಂತೆ, ಅದಕ್ಕೆ ಈಗಲೇ ತಯಾರಿ. ನನ್ನ ಸ್ನೇಹಿತನೊಬ್ಬ ಇದನ್ನು ಕೇಳಿ ಟವೆಲ್ ಗಿರಣಿ ಹಾಕೋಕೆ ಸಾಲ ಸಿಗುತ್ತಾ ಅಂತ ವಿಚಾರಿಸುತ್ತಿದ್ದಾನೆ.